ಫ್ರಿಜ್ ಮೇಲಿನ ಬೀಗದ ಕೈ

ಪುಟ್ಟಿ,

ನೀನು ಹೋಗಿ ಒಂಬತ್ತು ದಿನ ಆಯಿತು. ಮನೆ ಬೀಗದ ಕೈ ಫ್ರಿಜ್ ಮೇಲೆ ಇಟ್ಟು ಹೋಗಿದ್ದೀಯ. ಮರೆತದ್ದಲ್ಲ ಅಂತ ನನಗೆ ಗೊತ್ತು. ಅವತ್ತಿನ ಮಾತೆಲ್ಲ ಮತ್ತೆ ಬರೆಯುವುದಿಲ್ಲ. "ಕ್ವಾರ್ಟರ್‌ಗೆ ದುಡ್ಡು ಕೊಡೋಳೂ ನೀನೇ, ಅಳೋಳೂ ನೀನೇ" ಅಂದೆಯಲ್ಲ, ಅದೊಂದಕ್ಕೆ ಉತ್ತರ.

ಹೌದು, ಕೊಟ್ಟೆ. ಯಾಕೆ ಅಂತ ನಿನಗೆ ಯಾವತ್ತೂ ಹೇಳಿಲ್ಲ.

ನೀನು ಪುಣೆಗೆ ಹೋದ ಮೊದಲ ವರ್ಷ. ಕುಡಿತ ಬಿಡಿಸಲೇಬೇಕು ಅಂತ ನಿನ್ನ ಅಣ್ಣನನ್ನು ಒಳಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿದೆ. ಎರಡು ದಿನ ಒದ್ದಾಡುತ್ತಾನೆ, ಆಮೇಲೆ ಸರಿಹೋಗುತ್ತಾನೆ ಅಂದುಕೊಂಡಿದ್ದೆ. ಮಾರನೇ ದಿನ ಸಂಜೆ ಕಿಟಕಿಯಿಂದ ಮಜ್ಜಿಗೆ ಕೊಟ್ಟೆ. ಕೈ ನಡುಗಿ ಅರ್ಧ ಲೋಟ ಅಂಗಿ ಮೇಲೆ ಚೆಲ್ಲಿಕೊಂಡ. ಬುದ್ಧಿ ಬರಲಿ ಅಂತ ನಾನು ಹೋಗಿ ಅಕ್ಕಿ ಆರಿಸುತ್ತಾ ಕೂತೆ. ಅಕ್ಕಿ ಆರಿಸುತ್ತಾ ಕೂತೆ ಪುಟ್ಟಿ! ರಾತ್ರಿ ಎರಡು ಗಂಟೆಗೆ ದಬ್ ಅಂತ ಸದ್ದಾಯಿತು. ಬೀಗ ತೆಗೆಯೋಕೆ ನನ್ನ ಕೈಯೂ ಆಡಲಿಲ್ಲ. ಅವನಿಗೆ ಫಿಟ್ಸ್ ಬಂದಿತ್ತು. ಬಾಯಲ್ಲಿ ನೊರೆ, ಕಣ್ಣು ಮೇಲೆ. ಕಬ್ಬಿಣ ಕೊಡಬೇಕು ಅಂತಾರಲ್ಲ, ಅದೇ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದೆ. ಬೆಳಿಗ್ಗೆ ನೋಡಿದರೆ ಅಂಗೈಯಲ್ಲಿ ಅದರ ಹಲ್ಲಿನ ಗುರುತು.

ಡಾಕ್ಟರು ಬೈದರು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಔಷಧಿ ಕೊಟ್ಟು ಬಿಡಿಸಬೇಕು ಅಂದರು. ಕಬ್ಬಿಣದಿಂದ ಏನೂ ಆಗುವುದಿಲ್ಲವಂತೆ. ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ತಡಮಾಡದೆ ಆಸ್ಪತ್ರೆಗೆ... ನೋಡು, ಮತ್ತೆ ಪಾಠ ಶುರುಮಾಡಿದೆ.

ಅವತ್ತಿನಿಂದ ಅವನ ಕೈ ನಡುಗಿದರೆ ನನಗೆ ಆ ಸದ್ದೇ ಕೇಳಿಸುತ್ತದೆ. ಸಾಸಿವೆ ಡಬ್ಬಿಗೆ ಕೈ ಹೋಗುತ್ತದೆ. ಮೂರು ಸಲ ಆಸ್ಪತ್ರೆಗೆ ಸೇರಿಸಿದ್ದಾಯಿತು. ಮೊದಲ ಸಲದ ಬಿಲ್ ನಿನ್ನ ಸಂಬಳದಲ್ಲಿ ಹೋಯಿತು. ಅದನ್ನು ನೀನು ಯಾರ ಹತ್ತಿರವೂ ಆಡಿಕೊಳ್ಳಲಿಲ್ಲ. ನಾನೂ ಒಂದು ಒಳ್ಳೆ ಮಾತು ಆಡಲಿಲ್ಲ. ತಪ್ಪಾಯಿತು.

ಈಗ ಭಾನುವಾರ ಅಲ್-ಅನಾನ್ ಮೀಟಿಂಗ್‌ಗೆ ಹೋಗುತ್ತಿದ್ದೇನೆ. ಕುಡಿಯುವವರ ಮನೆಯವರಿಗೆ ಅಂತ 1951ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಶುರುಮಾಡಿದವರೂ ಅಂಥವರ ಹೆಂಡತಿಯರೇ. "ಇದು ನನ್ನಿಂದ ಬಂದದ್ದಲ್ಲ, ನನ್ನ ಹಿಡಿತದಲ್ಲೂ ಇಲ್ಲ, ವಾಸಿ ಮಾಡೋದೂ ನನ್ನಿಂದಾಗದು" ಅಂತ ಹೇಳಿಕೊಡುತ್ತಾರೆ. ಆ ಮೊದಲನೇ ಮಾತು ನನ್ನ ಬಾಯಲ್ಲಿ ಬರುವುದೇ ಇಲ್ಲ. ಒಬ್ಬಾಕೆ ಅಂದರು, ಸತ್ತವರಿಗಾದರೆ ಹದಿಮೂರು ದಿನ ಅಂತ ಲೆಕ್ಕ ಇದೆ, ನಮಗೆ ಅದೂ ಇಲ್ಲ ಅಂತ. ನಿನಗೆ ಕೇರಂ ಹೇಳಿಕೊಟ್ಟ ಹುಡುಗನನ್ನು ನೆನೆದು ನಾನು ಅಳುತ್ತಿರುತ್ತೇನೆ, ಅವನು ಪಕ್ಕದ ಕೋಣೆಯಲ್ಲೇ ಕೆಮ್ಮುತ್ತಿರುತ್ತಾನೆ. ನಿನಗೂ ಹಾಗೇ ಆಗುತ್ತಾ? ನಾನು ಕೇಳಲೇ ಇಲ್ಲ ಅಲ್ವಾ.

ರಾತ್ರಿ ಊಟ ಬಿಡಬೇಡ. ಬಿಸ್ಕತ್ತು ತಿಂದು ಮಲಗಿದರೆ ನಡೆಯುವುದಿಲ್ಲ.

ಬುಧವಾರ ಅವನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. ಬರುತ್ತೇನೆ ಅಂದಿದ್ದಾನೆ, ನೋಡಬೇಕು. ಏನಾಯಿತು ಅಂತ ಮೆಸೇಜ್ ಹಾಕುತ್ತೇನೆ. ನೀನು ಉತ್ತರ ಬರೆಯಬೇಕು ಅಂತೇನಿಲ್ಲ. ನೀಲಿ ಟಿಕ್ ಬಂದರೆ ಸಾಕು.

ಅಮ್ಮ