ಲೈಟ್‌ಸ್ಟಿಕ್ ಹಿಡಿದು ನಿಂತವರಿಗೆ ಕೊರಿಯಾದ ಆಳುವ ಪಕ್ಷ ಏನು ಹೇಳುತ್ತದೆ?

ಮಾನ್ಯ ಸಂಪಾದಕರೇ,

ದಕ್ಷಿಣ ಕೊರಿಯಾವನ್ನು ಈಗ ಆಳುತ್ತಿರುವ ಡೆಮಾಕ್ರಟಿಕ್ ಪಕ್ಷದ ಬಗ್ಗೆ ಕನ್ನಡದಲ್ಲಿ ಬರುವ ಬರಹ ಕಣ್ಣಿಗೆ ಬಿದ್ದರೆ ನಾನು ಓದದೆ ಬಿಡುವುದಿಲ್ಲ. ಹೆಚ್ಚಿನವು 2024ರ ಡಿಸೆಂಬರ್ 3ರ ರಾತ್ರಿಯಿಂದ ಶುರುವಾಗುತ್ತವೆ, ಅಲ್ಲಿಗೇ ಮುಗಿದೂ ಹೋಗುತ್ತವೆ. ಅದು ನಿಜಕ್ಕೂ ದೊಡ್ಡ ರಾತ್ರಿ. ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಗೆ ಬಂದು ಸೇನಾಡಳಿತ ಘೋಷಿಸಿದರು. ಹೆಲಿಕಾಪ್ಟರ್‌ನಲ್ಲಿ ಬಂದ ಸೈನಿಕರು ಸಂಸತ್ತಿನ ಕಿಟಕಿ ಒಡೆದು ಒಳಗೆ ನುಗ್ಗಿದರು. ಡೆಮಾಕ್ರಟಿಕ್ ಪಕ್ಷದ ನಾಯಕ ಲೀ ಜೇ-ಮ್ಯುಂಗ್ ಕಾರಿನಿಂದಲೇ ಯೂಟ್ಯೂಬ್ ಲೈವ್‌ನಲ್ಲಿ ಜನರನ್ನು ಕರೆದರು, ಬೇಲಿ ಹಾರಿ ಒಳಗೆ ಹೋದರು. 67 ವರ್ಷದ ಸ್ಪೀಕರ್ ಕೂಡ ಗೋಡೆ ಹತ್ತಿದರು. ಸಿಬ್ಬಂದಿ ಬಾಗಿಲಿಗೆ ಮೇಜು ಕುರ್ಚಿ ಒಡ್ಡಿ ಸೈನಿಕರನ್ನು ತಡೆದರು. ರಾತ್ರಿ ಒಂದರ ಸುಮಾರಿಗೆ ಹಾಜರಿದ್ದ 190 ಸಂಸದರೂ ಸೇನಾಡಳಿತ ರದ್ದಾಗಬೇಕು ಎಂದು ಮತ ಹಾಕಿದರು. ಅದರಲ್ಲಿ ಆಗಿನ ಆಳುವ ಪಕ್ಷದವರೂ 18 ಜನ ಇದ್ದರು.

ನಾನು ಕೇಳಬೇಕಾಗಿರುವುದು ಆಮೇಲಿನ ಕತೆಯನ್ನು.

ಯೂನ್ ತಕ್ಷಣ ಕುರ್ಚಿ ಬಿಡಲಿಲ್ಲ. ಡಿಸೆಂಬರ್ 7ರಂದು ಯೂನ್ ಅವರ ಪಕ್ಷದವರು ಸಭೆಯಿಂದ ಎದ್ದು ಹೋದರು, ಮಹಾಭಿಯೋಗ ಬಿದ್ದುಹೋಯಿತು. ಒಂದು ವಾರದ ನಂತರ 204 ಮತಗಳಿಂದ ಅದು ಪಾಸಾಯಿತು. ಸಾಂವಿಧಾನಿಕ ನ್ಯಾಯಾಲಯ ಯೂನ್‌ರನ್ನು ವಜಾ ಮಾಡಿದ್ದು 2025ರ ಏಪ್ರಿಲ್ 4ರಂದು. ಈ ನಾಲ್ಕು ತಿಂಗಳು ಬೀದಿಯನ್ನು ಬಿಡದೆ ಹಿಡಿದುಕೊಂಡಿದ್ದವರಲ್ಲಿ 20–30ರ ಹರೆಯದ ಹೆಣ್ಣುಮಕ್ಕಳೇ ಎದ್ದು ಕಾಣುತ್ತಿದ್ದರು. 2016ರಲ್ಲಿ ಅದೇ ಸೋಲ್ ನಗರದ ಜನ ಮೇಣದಬತ್ತಿ ಹಿಡಿದಿದ್ದರು. ಈ ಸಲ ಅವರ ಕೈಯಲ್ಲಿದ್ದದ್ದು ತಮ್ಮ ಮೆಚ್ಚಿನ ಹಾಡುಗಾರರ ಕಾರ್ಯಕ್ರಮಗಳಲ್ಲಿ ಬೀಸುವ ದೀಪದ ಕೋಲು, ಅಂದರೆ ಲೈಟ್‌ಸ್ಟಿಕ್. ಬರಲಾಗದವರು ಸಂಸತ್ತಿನ ಹತ್ತಿರದ ಹೋಟೆಲು, ಕಾಫಿ ಅಂಗಡಿಗಳಿಗೆ ಮುಂಗಡವಾಗಿ ದುಡ್ಡು ಕಳಿಸಿದರು, ಪ್ರತಿಭಟನೆಗೆ ಬಂದ ಯಾರು ಬೇಕಾದರೂ ಕುಡಿಯಲಿ ಎಂದು. ಡಿಸೆಂಬರ್ 21ರಂದು ಟ್ರ್ಯಾಕ್ಟರ್‌ಗಳಲ್ಲಿ ಬಂದ ರೈತರನ್ನು ಪೊಲೀಸರು ಸೋಲ್‌ನ ಅಂಚಿನ ನಮ್ತೇರ್ಯಂಗ್‌ನಲ್ಲಿ ತಡೆದರು. ಸುದ್ದಿ ಹರಡುತ್ತಿದ್ದಂತೆ ಈ ಹುಡುಗಿಯರು ಅಲ್ಲಿಗೂ ಹೋಗಿ, ಆ ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ರೈತರ ಜೊತೆ ನಿಂತರು. ಮರುದಿನ ಪೊಲೀಸರು ದಾರಿ ಬಿಟ್ಟರು. ಜನವರಿಯಲ್ಲಿ ಅಧ್ಯಕ್ಷರ ಮನೆ ಹತ್ತಿರ ಹಿಮ ಸುರಿಯುವಾಗ ಬೆಳ್ಳಿ ಬಣ್ಣದ ಹಾಳೆ ಹೊದ್ದು ಕೂತಿದ್ದ ಜನರ ಫೋಟೊ ನೀವೂ ನೋಡಿರಬಹುದು. ತಲೆಯ ಮೇಲೆ, ಹೆಗಲ ಮೇಲೆ ಹಿಮ ಕೂತಿದೆ, ಆದರೂ ಯಾರೂ ಎದ್ದಿಲ್ಲ.

ಇದರ ಫಲ ಸಿಕ್ಕಿದ್ದು ಡೆಮಾಕ್ರಟಿಕ್ ಪಕ್ಷಕ್ಕೆ. 2025ರ ಜೂನ್ 3ರಂದು ಲೀ 49.42% ಮತ ಪಡೆದು ಅಧ್ಯಕ್ಷರಾದರು. ಸಂಸತ್ತಿನ 300 ಸ್ಥಾನಗಳಲ್ಲಿ 2024ರಲ್ಲೇ ಪಕ್ಷ, ತನ್ನ ಜೊತೆಯ ಪಕ್ಷವೂ ಸೇರಿ, 175 ಗೆದ್ದಿತ್ತು. ಅಂದರೆ ಈಗ ಕೈ ಕಟ್ಟಿಹಾಕುವವರು ಯಾರೂ ಇಲ್ಲ.

ಹಾಗಿದ್ದರೂ ತಾರತಮ್ಯ ತಡೆ ಕಾಯ್ದೆ ಎಲ್ಲಿ? ಲಿಂಗ, ಅಂಗವೈಕಲ್ಯ, ಹುಟ್ಟಿದ ಊರು, ಲೈಂಗಿಕ ಒಲವು, ಯಾವುದರ ಮೇಲೂ ಕೆಲಸದಲ್ಲಿ ಶಾಲೆಯಲ್ಲಿ ಭೇದ ಮಾಡಬಾರದು ಎನ್ನುವ ಈ ಮಸೂದೆ ಮೊದಲು ಬಂದದ್ದು 2007ರಲ್ಲಿ. ದೊಡ್ಡ ಪ್ರೊಟೆಸ್ಟೆಂಟ್ ಚರ್ಚುಗಳ ವಿರೋಧಕ್ಕೆ ಹೆದರಿ ಅದನ್ನು ಬದಿಗಿಟ್ಟರು. 2020ರಲ್ಲಿ ಮೂನ್ ಜೇ-ಇನ್ ಅಧ್ಯಕ್ಷರಾಗಿದ್ದಾಗ ಈ ಪಕ್ಷದ ಬಳಿ 180 ಸ್ಥಾನ ಇತ್ತು. 2021ರಲ್ಲಿ ಒಂದು ಲಕ್ಷ ಜನ ಸಹಿ ಹಾಕಿದ ಮನವಿ ಸಂಸತ್ತಿಗೆ ಹೋಯಿತು. 2022ರಲ್ಲಿ ಸಂಸತ್ತಿನ ಮುಂದೆ ಇಬ್ಬರು ಉಪವಾಸ ಕೂತರು, ಅದರಲ್ಲಿ ಒಬ್ಬರು 46 ದಿನ. ಆಗಲೂ ಪಾಸಾಗಲಿಲ್ಲ. 2025ರ ಅಧ್ಯಕ್ಷ ಚುನಾವಣೆಯ ಟಿವಿ ಚರ್ಚೆಯಲ್ಲಿ ಎಡಪಂಥೀಯ ಅಭ್ಯರ್ಥಿ ಕ್ವಾನ್ ಯಂಗ್-ಗುಕ್ ನೇರವಾಗಿ ಕೇಳಿದಾಗ ಲೀ ಕೊಟ್ಟ ಉತ್ತರದ ಸಾರ ಇಷ್ಟೆ: ದಿಕ್ಕು ಸರಿ ಇದೆ, ಆದರೆ ಸದ್ಯಕ್ಕೆ ಕಷ್ಟ. ಸದ್ಯಕ್ಕೆ ಅಂತ ಎಷ್ಟು ವರ್ಷ ಹೇಳುವುದು?

ಕಾರಣ ಗುಟ್ಟೇನಲ್ಲ. ಎಕ್ಸಿಟ್ ಪೋಲ್ ಪ್ರಕಾರ 20ರ ಹರೆಯದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಲೀ ಅವರಿಗೆ ಮತ ಕೊಟ್ಟರು. ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ಕೊಟ್ಟದ್ದು ನಾಲ್ಕರಲ್ಲಿ ಒಬ್ಬರು ಮಾತ್ರ. ಪಕ್ಷಕ್ಕೆ ಆ ಹುಡುಗರ ಸಿಟ್ಟು ಇನ್ನಷ್ಟು ಹೆಚ್ಚಾದೀತು ಎಂಬ ಭಯ. ಹುಡುಗಿಯರು ಹೇಗಿದ್ದರೂ ನಮ್ಮವರೇ, ಇನ್ನೆಲ್ಲಿಗೆ ಹೋಗುತ್ತಾರೆ ಎಂಬ ಧೈರ್ಯ. ಈ ಧೈರ್ಯವೇ ನನಗೆ ಸರಿ ಕಾಣುವುದಿಲ್ಲ. ಗಂಡಸರ ಮತ್ತು ಹೆಂಗಸರ ಸಂಬಳದ ಅಂತರ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಕೂಟದಲ್ಲೇ ಅತಿ ಹೆಚ್ಚು ಇರುವುದು ಕೊರಿಯಾದಲ್ಲಿ.

ಈ ವಿಷಯದಲ್ಲಿ ಪಕ್ಷದ ಹಳೆಯ ಲೆಕ್ಕವೂ ಚೆನ್ನಾಗಿಲ್ಲ. ಅದರದೇ ಗವರ್ನರ್ ಆಗಿದ್ದ ಆನ್ ಹೀ-ಜಂಗ್ ತಮ್ಮ ಕಾರ್ಯದರ್ಶಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಮೂರೂವರೆ ವರ್ಷ ಜೈಲಿಗೆ ಹೋದರು. 2020ರಲ್ಲಿ ಬುಸಾನ್ ಮೇಯರ್ ಇಂಥದೇ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಸೋಲ್ ಮೇಯರ್ ಮೇಲೂ ದೂರು ಬಂತು, ಅವರು ಸಾವಿಗೀಡಾದರು. ತಮ್ಮವರ ತಪ್ಪಿನಿಂದ ಸ್ಥಾನ ಖಾಲಿಯಾದರೆ ಉಪಚುನಾವಣೆಗೆ ಅಭ್ಯರ್ಥಿ ನಿಲ್ಲಿಸುವುದಿಲ್ಲ ಎಂದು ಪಕ್ಷವೇ ಹಿಂದೆ ನಿಯಮ ಮಾಡಿಕೊಂಡಿತ್ತು. ಪ್ರಸಂಗ ಬಂದಾಗ ನಿಯಮವನ್ನೇ ತಿದ್ದಿತು. 2021ರ ಏಪ್ರಿಲ್‌ನಲ್ಲಿ ಎರಡೂ ನಗರಗಳ ಜನ ಅದನ್ನು ಸೋಲಿಸಿದರು.

ಒಳ್ಳೆಯದನ್ನೂ ಹೇಳಬೇಕು. ಯೂನ್ ಮುಚ್ಚಿಸಲು ಹೊರಟಿದ್ದ ಮಹಿಳಾ ಸಚಿವಾಲಯವನ್ನು ಲೀ ಸರ್ಕಾರ ಉಳಿಸಿ, 2025ರ ಅಕ್ಟೋಬರ್‌ನಿಂದ ಹೊಸ ಹೆಸರು, ಹೆಚ್ಚಿನ ಕೆಲಸ ಕೊಟ್ಟಿದೆ. ಅದಕ್ಕೆ ಮೆಚ್ಚುಗೆ ಇದೆ. ಆದರೆ ಸಚಿವಾಲಯ ಇದ್ದರೆ ಸಾಲದು, ಅದು ಹಿಡಿದು ಕೇಳಲು ಕಾನೂನು ಬೇಕಲ್ವಾ?

ನಿಮ್ಮಲ್ಲಿ ಒಂದು ವಿನಂತಿ. ಈ ಪಕ್ಷವನ್ನು ಸುಮ್ನೆ ‘ಎಡ’ ಎಂದು ಬರೆದುಬಿಡಬೇಡಿ. 2025ರ ಫೆಬ್ರುವರಿಯಲ್ಲಿ ಲೀ ಅವರೇ ತಮ್ಮ ಪಕ್ಷದ ಜಾಗ ಮಧ್ಯ-ಬಲಪಂಥ ಎಂದಿದ್ದಾರೆ. ಅದನ್ನು ಗೊತ್ತುಮಾಡಿಕೊಂಡರೆ ಅವರ ನಡೆ ಅರ್ಥವಾಗುತ್ತದೆ. ಕೊರಿಯನ್ ಸೀರಿಯಲ್ಲು, ಹಾಡು ಎಂದರೆ ಪ್ರಾಣ ಬಿಡುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೂ ಎಷ್ಟೊಂದು ಜನ ಇದ್ದಾರೆ. ಅವರು ನಿಮ್ಮ ಸಿನಿಮಾ ಪುಟ ಓದುತ್ತಾರೆ. ಅದೇ ಲೈಟ್‌ಸ್ಟಿಕ್ ಹಿಡಿದ ಅಲ್ಲಿನ ಹುಡುಗಿಯರು ಏನು ಕೇಳುತ್ತಿದ್ದಾರೆ, ಅವರಿಗೆ ಯಾರು ಉತ್ತರ ಕೊಡುತ್ತಿಲ್ಲ ಎನ್ನುವುದನ್ನು ವಿದೇಶ ಪುಟದಲ್ಲಿ ಬರೆಸಿ. ಮಸೂದೆ ಮತಕ್ಕೆ ಬಂದ ದಿನ ಯಾರು ಪರ, ಯಾರು ವಿರೋಧ, ಯಾರು ಸಭೆಗೇ ಬರಲಿಲ್ಲ ಎಂಬುದನ್ನೂ ಅಚ್ಚು ಹಾಕಿ.

— ಓದುಗರೊಬ್ಬರು, ಶಿವಮೊಗ್ಗ