ನಿಮ್ಮ ಗಾಯಕನನ್ನು ಕಳುಹಿಸುವ ಮುನ್ನ

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ತಂಡದಲ್ಲಿ ಹಾಡುವ ಹುಡುಗನನ್ನು ತೆಗೆಯಬೇಕೆಂದು ನೀವೆಲ್ಲ ಮಾತಾಡಿಕೊಂಡಿದ್ದೀರಿ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವನ ಇಂಗ್ಲಿಷ್ ಉಚ್ಚಾರಣೆ ಹೊರದೇಶದವರಿಗೆ ಹಿಡಿಸುವುದಿಲ್ಲ ಎಂದು ಯಾರೋ ನಿಮ್ಮ ತಲೆಯಲ್ಲಿ ತುಂಬಿದ್ದಾರಂತೆ. ಹೆವಿ ಮೆಟಲ್‌ನಂಥ ಅಬ್ಬರದ ರಾಕ್ ಸಂಗೀತದ ಬಗ್ಗೆ ಮಾವನಿಗೇನು ಗೊತ್ತು ಎಂದುಕೊಳ್ಳಬೇಡ. ಜಪಾನಿನ ಒಸಾಕಾದಲ್ಲಿ ಕೆಲಸಕ್ಕಿದ್ದ ಆರು ವರ್ಷಗಳಲ್ಲಿ ನನಗೆ ಹಿಡಿದ ಹುಚ್ಚು ಅದೊಂದೇ. ಲೌಡ್‌ನೆಸ್ ಎಂಬ ಮೆಟಲ್ ತಂಡ ಹುಟ್ಟಿದ್ದು ಅದೇ ಊರಿನಲ್ಲಿ. ಅವರ ಕಥೆಯನ್ನು ಪೂರ್ತಿ ಓದು, ಆಮೇಲೆ ನಿಮ್ಮ ತೀರ್ಮಾನ.

ಗಿಟಾರಿನ ಅಕಿರಾ ತಕಾಸಾಕಿ, ಡ್ರಮ್ಸಿನ ಮುನೆತಾಕಾ ಹಿಗುಚಿ ಇಬ್ಬರೂ ಮೊದಲು ಲೇಜಿ ಎಂಬ ತಂಡದಲ್ಲಿದ್ದರು. ಇಂಗ್ಲೆಂಡಿನ ರಾಕ್ ತಂಡ ಡೀಪ್ ಪರ್ಪಲ್‌ನ ಹಾಡಿನ ಹೆಸರನ್ನೇ ಇಟ್ಟುಕೊಂಡ ಹುಡುಗರು ಅವರು. ಆದರೆ 1977ರಲ್ಲಿ ಅವರನ್ನು ಮಾರುಕಟ್ಟೆಗೆ ಬಿಟ್ಟವರು ಮುದ್ದುಮುಖದ ಪಾಪ್ ತಂಡವಾಗಿ ಬಿಟ್ಟರು. ಇಷ್ಟಪಟ್ಟ ಸಂಗೀತ ಒಂದು, ನುಡಿಸಬೇಕಾಗಿ ಬಂದದ್ದು ಇನ್ನೊಂದು. 1981ರಲ್ಲಿ ಲೇಜಿ ಮುರಿದುಬಿತ್ತು. ತಕಾಸಾಕಿಗೆ ಆಗ ಇಪ್ಪತ್ತು ವರ್ಷ, ಈಗ ನಿನಗಿರುವಷ್ಟೇ. ಅವನು ಬಾಲ್ಯದ ಗೆಳೆಯ ಮಸಾಯೋಶಿ ಯಮಾಶಿತಾನನ್ನು ಬೇಸ್ ಗಿಟಾರಿಗೆ ಕರೆದುಕೊಂಡ. ಅರ್ಥ್‌ಶೇಕರ್ ತಂಡದಲ್ಲಿದ್ದ ಮಿನೋರು ನಿಹಾರಾ ಹಾಡಲು ಬಂದ. ಅದೇ ವರ್ಷ ಲೌಡ್‌ನೆಸ್‌ನ ಮೊದಲ ಆಲ್ಬಂ ಹೊರಬಂತು.

ಒಸಾಕಾದ ಹಳೆಯ ರೆಕಾರ್ಡುಗಳ ಅಂಗಡಿಯೊಂದರಲ್ಲಿ ನಾನು ಅವರ 1985ರ 'ಥಂಡರ್ ಇನ್ ದಿ ಈಸ್ಟ್' ಕೊಂಡೆ. ರಟ್ಟಿನ ಮೇಲೆ ಉದಯಿಸುವ ಸೂರ್ಯನ ಕಿರಣಗಳು, ಪಕ್ಕದಲ್ಲಿ ಜಪಾನಿನವರು ಓಬಿ ಎನ್ನುವ ಕಾಗದದ ಪಟ್ಟಿ. ಒಳಗಿನ ಹಾಡುಗಳ ಹಾಳೆ ಬಿಚ್ಚಿದೆ. ಒಂದೊಂದು ಇಂಗ್ಲಿಷ್ ಪದದ ಮೇಲೂ ಯಾರೋ ಪೆನ್ಸಿಲಿನಲ್ಲಿ, ಜಪಾನಿ ಲಿಪಿಯಾದ ಕತಕಾನಾದ ಸಣ್ಣ ಅಕ್ಷರಗಳಲ್ಲಿ, ಉಚ್ಚಾರಣೆ ಬರೆದುಕೊಂಡಿದ್ದರು. ಕೆಲವು ಕಡೆ ರಬ್ಬರಿನಿಂದ ಉಜ್ಜಿ ತಿದ್ದಿ ಮತ್ತೆ ಬರೆದ ಗುರುತು. ತನ್ನದಲ್ಲದ ನುಡಿಯಲ್ಲಿ ನಿಹಾರಾ ಹಾಡುತ್ತಿದ್ದರೆ, ಎಲ್ಲೋ ಒಂದು ಕೋಣೆಯಲ್ಲಿ ಕೇಳುವವನೂ ಅವನ ಹಿಂದೆಯೇ ಆ ನುಡಿಯನ್ನು ತಿದ್ದುತ್ತಿದ್ದ. ಆ ಹಾಳೆ ಈಗಲೂ ನನ್ನ ಬೀರುವಿನಲ್ಲಿದೆ. ಬಂದಾಗ ತೋರಿಸುತ್ತೇನೆ.

ಆ ಆಲ್ಬಮನ್ನು ರೂಪಿಸಿದವನು ಹೆಸರಾಂತ ಮೆಟಲ್ ಗಾಯಕ ಓಜಿ ಆಸ್ಬಾರ್ನ್‌ನೊಂದಿಗೆ ಕೆಲಸ ಮಾಡಿದ್ದ ಮ್ಯಾಕ್ಸ್ ನಾರ್ಮನ್. ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಅದು 74ನೆಯ ಸ್ಥಾನದವರೆಗೆ ಏರಿತು. ಮರುವರ್ಷದ 'ಲೈಟ್ನಿಂಗ್ ಸ್ಟ್ರೈಕ್ಸ್' 64ಕ್ಕೆ ಹೋಯಿತು. 1985ರ ಬೇಸಿಗೆಯಲ್ಲಿ ಅಮೆರಿಕದ ಮಾಟ್ಲಿ ಕ್ರೂ ತಂಡದ ಕಾರ್ಯಕ್ರಮದಲ್ಲಿ, ಅವರಿಗಿಂತ ಮೊದಲು ನುಡಿಸಲು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ವೇದಿಕೆ ಹತ್ತಿದರು. ನೀವು ಈಗ ಬೇಡವೆನ್ನುತ್ತಿರುವಂಥ ಉಚ್ಚಾರಣೆಯ ಗಾಯಕನೇ ಅವರನ್ನು ಅಲ್ಲಿಗೆ ಮುಟ್ಟಿಸಿದ್ದ.

1987ರ 'ಹರಿಕೇನ್ ಐಸ್' ಅಲ್ಲಿ ಅಷ್ಟು ಓಡಲಿಲ್ಲ. ಅಮೆರಿಕದವನೇ ಹಾಡಿದರೆ ಇನ್ನೂ ಮೇಲೇರಬಹುದೆಂಬ ಆಸೆ ಹುಟ್ಟಿತು. 1988ರ ಕೊನೆಗೆ ನಿಹಾರಾನನ್ನು ಬಿಟ್ಟುಬಿಟ್ಟರು. ಬಂದವನು ಮೈಕ್ ವೆಸೆರಾ. ಒಳ್ಳೆಯ ಕಂಠ, ಅದರಲ್ಲಿ ಎರಡು ಮಾತಿಲ್ಲ. ಅವನು ಹಾಡಿದ 'ಸೋಲ್ಜರ್ ಆಫ್ ಫಾರ್ಚೂನ್' ಆಲ್ಬಮನ್ನು ನಾನು ಇಂದಿಗೂ ಕೇಳುತ್ತೇನೆ. ಆದರೆ ಅಮೆರಿಕ ಒಲಿಯಲಿಲ್ಲ, ಕೆಲವೇ ವರ್ಷಗಳಲ್ಲಿ ವೆಸೆರಾನೂ ಹೊರಟ. ಯಮಾಶಿತಾ ಹೋದ, ಹಿಗುಚಿ ಹೋದ. ಹಾಗೆ ಹೋದ ಹಿಗುಚಿ ಸ್ಲೈ ಎಂಬ ಹೊಸ ತಂಡ ಸೇರಿದ. ಅದರಲ್ಲಿ ಹಾಡುತ್ತಿದ್ದವನು ಯಾರು ಗೊತ್ತೇ? ಅದೇ ನಿಹಾರಾ. ಮೊದಲ ನಾಲ್ವರಲ್ಲಿ ಲೌಡ್‌ನೆಸ್‌ನಲ್ಲಿ ಉಳಿದವನು ತಕಾಸಾಕಿ ಒಬ್ಬನೇ. ಮಸಾಕಿ ಯಮಾದಾನಂಥ ಸಮರ್ಥ ಗಾಯಕನೊಂದಿಗೆ ಅವನು ತಂಡವನ್ನು ಉಳಿಸಿಕೊಂಡ, ಹೊಸ ಬಗೆಯ ಸಂಗೀತವನ್ನೂ ಮಾಡಿದ. ಅದನ್ನು ಹಗುರವಾಗಿ ನೋಡುವವನಲ್ಲ ನಾನು.

ತಂಡಕ್ಕೆ ಇಪ್ಪತ್ತು ವರ್ಷ ತುಂಬಿದಾಗ, 2001ರಲ್ಲಿ, ಆ ನಾಲ್ವರೂ ಮತ್ತೆ ಒಂದಾದರು. ನಡುವೆ ಹನ್ನೆರಡು ವರ್ಷ ಸೋರಿಹೋಗಿತ್ತು. ಆಮೇಲೆ ಅವರಿಗೆ ಒಟ್ಟಿಗೆ ಸಿಕ್ಕಿದ್ದು ಏಳು ವರ್ಷ ಮಾತ್ರ. 2008ರಲ್ಲಿ ಹಿಗುಚಿಗೆ ಪಿತ್ತಜನಕಾಂಗದ ಕ್ಯಾನ್ಸರ್ ಇರುವುದು ತಿಳಿಯಿತು. ಅದೇ ನವೆಂಬರ್ 30ರಂದು ತೀರಿಕೊಂಡ. ಐವತ್ತು ತುಂಬಲು ಒಂದು ತಿಂಗಳೂ ಇರಲಿಲ್ಲ. ಅವನು ನುಡಿಸಿಟ್ಟಿದ್ದ ಡ್ರಮ್ಸ್ ದನಿಯನ್ನು ಬಳಸಿಕೊಂಡೇ ಉಳಿದವರು ಮರುವರ್ಷ 'ದಿ ಎವರ್‌ಲಾಸ್ಟಿಂಗ್' ಹೊರತಂದರು. ಅದರ ಜಪಾನಿ ಹೆಸರಿನೊಳಗೆ ಅವನ ಹೆಸರಿನ ಒಂದು ಅಕ್ಷರವನ್ನು ಕೂರಿಸಿದ್ದಾರೆ. ಅದನ್ನು ಕೇಳುವಾಗಲೆಲ್ಲ ನನಗೆ ಆ ಹನ್ನೆರಡು ವರ್ಷ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಮುಂದೆ ಮಸಾಯುಕಿ ಸುಜುಕಿ ಡ್ರಮ್ಸಿಗೆ ಬಂದ. ಅವನಿಗೆ ಪಾರ್ಶ್ವವಾಯು ಬಡಿದಾಗ ಅವನ ಜಾಗವನ್ನು ಹಾಗೆಯೇ ಇಟ್ಟು, ಬೇರೊಬ್ಬರಿಂದ ನುಡಿಸಿಕೊಂಡು ನಡೆದರು. 1988ರಲ್ಲಿ ಮಾಡದ ಕೆಲಸ ಅದು.

ಗಾಯಕ ಅಭ್ಯಾಸಕ್ಕೆ ಬರದೆ ಸತಾಯಿಸುತ್ತಿದ್ದರೆ, ದುಡ್ಡಿನ ವಿಷಯದಲ್ಲಿ ತಪ್ಪಿದರೆ, ಬೇರೆ ಮಾತು. ಬರೀ ಉಚ್ಚಾರಣೆಯ ನೆಪವಾದರೆ ಅವನನ್ನು ಎದುರಿಗೆ ಕೂರಿಸಿಕೊಂಡು ಮೊದಲು ಅವನಿಗೇ ಹೇಳಿ. ಅವನಿಗೆ ಇನ್ನೂ ಗೊತ್ತೇ ಇಲ್ಲವಂತೆ, ನನಗೆ ಹೆಚ್ಚು ನೋವಾದದ್ದು ಅದಕ್ಕೆ. ಕನ್ನಡದಲ್ಲಿ ಒಂದು ಹಾಡು ಕಟ್ಟಿ ಅವನಿಂದ ಹಾಡಿಸಿದ್ದೀರಾ? ಲೌಡ್‌ನೆಸ್‌ನ ಮೊದಲ ಮೂರು ಆಲ್ಬಮ್‌ಗಳಲ್ಲಿ ನಿಹಾರಾ ಹೆಚ್ಚಾಗಿ ಜಪಾನಿಯಲ್ಲೇ ಹಾಡಿದ್ದಾನೆ. ಅವನ್ನು ಕೇಳಿದರೆ ಗಂಟಲು ಸಲೀಸಾಗಿ ತೆರೆದುಕೊಳ್ಳುವುದು ಎಂದರೇನೆಂದು ತಿಳಿಯುತ್ತದೆ.

ಬರುವ ಭಾನುವಾರ ಊಟಕ್ಕೆ ಬಾ. ಆ ಹುಡುಗನನ್ನೂ ಕರೆದುಕೊಂಡು ಬಾ. ರೆಕಾರ್ಡ್ ಪ್ಲೇಯರಿಗೆ ಹೊಸ ಸೂಜಿ ಹಾಕಿಸಿದ್ದೇನೆ.

ಇತಿ,
ನಿನ್ನ ಮಾವ