ಗುಣವೇ ಹೆಸರಾದಾಗ

ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ 'ನೂರು ಗ್ರಾಂ ಖಾರ ಕೊಡಿ' ಅಂದರೆ ಪೊಟ್ಟಣದಲ್ಲಿ ಬರುವುದು ಕುರುಕಲು ತಿಂಡಿ. ಅದೇ ಊರಿನ ಅಡುಗೆಮನೆಯಲ್ಲಿ 'ಖಾರ ರುಬ್ಬಿದ್ದಾಯ್ತಾ?' ಅಂದರೆ ಅದು ಸಾರಿಗೆ ಹಾಕುವ ಮಸಾಲೆ. ದರ್ಶಿನಿಯಲ್ಲಿ 'ಎರಡು ಖಾಲಿ' ಅಂದರೆ ಪಲ್ಯವಿಲ್ಲದ ಎರಡು ದೋಸೆ.

ನಮ್ಮ ಶಾಲಾ ವ್ಯಾಕರಣ ಗುಣವಾಚಕವನ್ನು, ಅಂದರೆ ಖಾರ, ಖಾಲಿಯಂತೆ ಗುಣ ಹೇಳುವ ಪದವನ್ನು, ನಾಮಪದದ ಒಂದು ಬಗೆ ಎಂದೇ ಎಣಿಸುತ್ತದೆ. ವಸ್ತುವಾಚಕ, ಸಂಖ್ಯಾವಾಚಕಗಳ ಜೊತೆಗೇ ಅದಕ್ಕೂ ಜಾಗ. ಹಾಗಾಗಿ ಗುಣದ ದಡದಿಂದ ಹೆಸರಿನ ದಡಕ್ಕೆ ದಾಟುವುದು ಕನ್ನಡದಲ್ಲಿ ಸಲೀಸು. ದಾಟಿದ ಮೇಲೆ ಅರ್ಥ ಮಾತ್ರ ಮೊದಲಿನಂತೆ ಉಳಿಯುವುದಿಲ್ಲ.

'ಹಳೆಯ'ದಕ್ಕೆ ನಂಟಿರುವ 'ಹಳಬ'ರಿಗೆ ವಯಸ್ಸಾಗಿರಬೇಕಿಲ್ಲ. ಕಚೇರಿಗೆ ಹತ್ತು ವರ್ಷದ ಹಿಂದೆ ಸೇರಿದ ಮೂವತ್ತರ ಹೆಣ್ಣುಮಗಳು ಹಳಬಳು, ನಿನ್ನೆ ಬಂದ ಐವತ್ತರವರು ಹೊಸಬರು. 'ಹಿರಿಯ ಅಧಿಕಾರಿ' ಅನ್ನುವಲ್ಲಿ ಹುದ್ದೆಯ ಮಾತು. ಮಹಾಲಯ ಅಮಾವಾಸ್ಯೆಗೆ 'ಹಿರಿಯರಿಗೆ ಎಡೆ ಇಟ್ಟೆವು' ಅಂದರೆ ತೀರಿಕೊಂಡವರು.

'ದೊಡ್ಡ' ಎಂಬುದನ್ನೇ ನೋಡಿ. 'ಮಗ ದೊಡ್ಡವನಾದ' ಅಂದರೆ ಬೆಳೆದ. 'ಮಗಳು ದೊಡ್ಡವಳಾದಳು' ಅಂದರೆ ಮೈನೆರೆದಳು. ಅವನಿಗೆ ವರ್ಷಗಟ್ಟಲೆ ಹಿಡಿಯುವುದು ಅವಳಿಗೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ನಮ್ಮ ಸಮಾಜ ಹೆಣ್ಣುಮಕ್ಕಳನ್ನು ನೋಡಿದ ಬಗೆ ಆ ಒಂದು ಕ್ರಿಯಾಪದದ ಬಳಕೆಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಇನ್ನು 'ದೊಡ್ಡತನ' ಮೆಚ್ಚುವ ಗುಣ, 'ದೊಡ್ಡಸ್ತಿಕೆ' ಸಹಿಸಲಾಗದ್ದು. ಬೇರು ಒಂದೇ, ಪ್ರತ್ಯಯ ಬದಲಾದೊಡನೆ ಹೊಗಳಿಕೆ ತೆಗಳಿಕೆಯಾಗುತ್ತದೆ. 'ಸಣ್ಣತನ'ಕ್ಕಂತೂ ಗಾತ್ರದ ಹಂಗೇ ಇಲ್ಲ. ಆರಡಿ ಆಳಿನಲ್ಲೂ ಅದು ಇದ್ದೀತು.

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣ ನಮ್ಮ ಮಕ್ಕಳು. ವಾರಾಂತ್ಯದ ಕನ್ನಡ ತರಗತಿಯಲ್ಲಿ ಅವರು ಹಳೆಯ–ಹೊಸ, ದೊಡ್ಡ–ಚಿಕ್ಕ ಎಂದು ವಿರುದ್ಧ ಪದಗಳನ್ನು ಚೆನ್ನಾಗಿ ಒಪ್ಪಿಸುತ್ತಾರೆ. ರಜೆಗೆ ಬೆಂಗಳೂರಿಗೆ ಹೋದಾಗ, ಪಕ್ಕದ ಮನೆಯವರು 'ನಿಮ್ಮಮ್ಮ ಈ ಬೀದಿಗೆ ಹಳಬರು' ಅಂದರೆ, ಅಮ್ಮನನ್ನು ಮುದುಕಿ ಅಂದರೆಂದು ಮುಖ ಸಿಂಡರಿಸುತ್ತಾರೆ. ಮಾತಿನಲ್ಲಿದ್ದ ಅಕ್ಕರೆ ಮಗುವಿಗೆ ತಲುಪುವುದೇ ಇಲ್ಲ. ಪಟ್ಟಿ ಉರುಹೊಡೆದರೆ ಇದು ಬರುವುದಿಲ್ಲ, ಮನೆಯಲ್ಲಿ ದೊಡ್ಡವರ ಮಾತು ಕಿವಿಗೆ ಬೀಳುತ್ತಿರಬೇಕು.

ಮುಂದಿನ ಸಂಚಿಕೆಯಲ್ಲಿ ಇಂಥ ಪದಗಳಿಗೆಂದೇ ಒಂದು ಪುಟ ಇಡುತ್ತಿದ್ದೇವೆ. ನಿಮ್ಮ ಮನೆಯಲ್ಲಿ, ನಿಮ್ಮ ಊರ ಕಡೆ ಬಳಸುವುದನ್ನು ಬರೆದು ಕಳಿಸಿ. ಒಂಟಿ ಪದ ಬೇಡ, ಪೂರ್ತಿ ವಾಕ್ಯವಿರಲಿ. ಯಾರು ಯಾರಿಗೆ ಯಾವಾಗ ಹಾಗನ್ನುತ್ತಿದ್ದರು ಎಂಬುದೂ ಇರಲಿ.

— ಸಂಪಾದಕಿ